ಮಿರಜದಲ್ಲಿ ಗಾಡಿ ಬದಲಿಸುವುದು

2021ರ ದೀಪಾವಳಿಗೆ ಇನ್ನೂ ಮೂರು ವಾರವಿರುವಾಗ, ಪುಣೆ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ನಿಂತಿದ್ದ ಹುಡುಗನೊಬ್ಬ ರಾಯಬಾಗಕ್ಕೆ ಸಾದಾ ಟಿಕೆಟ್ ಕೇಳಿ, ಇಲ್ಲವೆಂಬ ಉತ್ತರ ಪಡೆದು, ನನ್ನ ಕಡೆ ತಿರುಗಿ, ನಾನು ಕನ್ನಡದವನೆಂಬುದು ಅವನಿಗೆ ಹೇಗೆ ತಿಳಿಯಿತೋ ಕಾಣೆ, "ಯಾಕಂತ್ರೀ ಕಾಕಾ, ಗಾಡಿ ಹೊಂಟಾವಲ್ಲ?" ಎಂದು ಕೇಳಿದ. ಗಾಡಿಗಳು ಹೊರಟಿದ್ದವು ನಿಜ. ಆದರೆ ಅವೆಲ್ಲ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯ 'ಸ್ಪೆಷಲ್' ಗಾಡಿಗಳಾಗಿದ್ದು, ಕುಳಿತು ಹೋಗುವ ಡಬ್ಬಿಗೂ ಮುಂಗಡ ಕಾದಿರಿಸಬೇಕಾಗಿತ್ತು, ಅವುಗಳಲ್ಲಿ ಹೆಚ್ಚಿನವು ರಾಯಬಾಗದಂಥ ಊರನ್ನು ಶಿಳ್ಳೆ ಹೊಡೆದು ದಾಟಿ ಹೋಗುತ್ತಿದ್ದವು. ಹೋಟೆಲಿನಲ್ಲಿ ಕೆಲಸ ಮಾಡುವ ಆ ಹುಡುಗನಿಗೆ ರಜೆ ಸಿಕ್ಕಿತೆಂದು ತಿಳಿಯುವುದೇ ಹಿಂದಿನ ದಿನ ರಾತ್ರಿ. ಅವನು ಹದಿನೈದು ದಿನ ಮೊದಲು ಆಸನ ಕಾದಿರಿಸುವುದೆಂದರೆ ಹೇಗೆ? ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕಿಟಕಿಯ ಆಚೆ ಕುಳಿತು 'ಇಲ್ಲ' ಎಂದು ಹೇಳಿದ ನನಗೆ, ಕಿಟಕಿಯ ಈಚೆ ನಿಂತು ಆ ಮಾತನ್ನು ಕೇಳಿಸಿಕೊಳ್ಳುವ ಅನುಭವ ಅಂದಿನಿಂದ ಶುರುವಾಯಿತು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿದ ಮೇಲೆ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ಒಟ್ಟಿಗೆ ನಿಂತದ್ದು ಕೋವಿಡ್ ಬಂದಾಗ, 2020ರ ಮಾರ್ಚ್ 22ರ ರಾತ್ರಿಯಿಂದಲೇ. ಅವು ಮರಳಿ ಬಂದದ್ದು ಮಾತ್ರ ಒಟ್ಟಿಗಲ್ಲ. ಮೇ 12ರಿಂದ 15 ಜೋಡಿ ಹವಾನಿಯಂತ್ರಿತ ಗಾಡಿಗಳು, ಜೂನ್ 1ರಿಂದ 200 ಗಾಡಿಗಳು, ಆಮೇಲೆ ಒಂದೊಂದಾಗಿ ದೂರದ ಎಕ್ಸ್‌ಪ್ರೆಸ್‌ಗಳು ಬಂದವು. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಗಳು ಸಾಲಿನ ಕೊನೆಯಲ್ಲಿ ಉಳಿದವು. ನಮ್ಮೂರು ಅಳ್ನಾವರದಿಂದ ದಾಂಡೇಲಿಯ ಅಂಬೇವಾಡಿಗೆ ವರ್ಷಗಟ್ಟಲೆ ನಿಂತುಹೋಗಿದ್ದ ಪ್ಯಾಸೆಂಜರ್ ಸೇವೆಯನ್ನು 2019ರ ನವೆಂಬರ್‌ನಲ್ಲಿ, ಬೆಳಗಾವಿಯ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ, ಮತ್ತೆ ಆರಂಭಿಸಿದ್ದರು. ಅದು ಐದು ತಿಂಗಳು ತುಂಬುವುದರೊಳಗೆ ನಿಂತಿತು; 2020ರ ಸೆಪ್ಟೆಂಬರ್‌ನಲ್ಲಿ ಅಂಗಡಿಯವರನ್ನೂ ಅದೇ ಕೋವಿಡ್ ಕೊಂಡೊಯ್ದಿತು.

ಪುಣೆಯಿಂದ ಹುಬ್ಬಳ್ಳಿಗೆ ಹಳಿಯ ಮೇಲೆ ಸುಮಾರು 560 ಕಿ.ಮೀ. ದೂರ. ಅದರ ಸರಿಯಾದ ಅರ್ಧದಲ್ಲಿ, 280ನೆಯ ಕಿ.ಮೀ. ಆಸುಪಾಸಿನಲ್ಲಿ ಮಿರಜ ಇದೆ. ಕನ್ನಡ ಮಾತನಾಡುವ ಕುಟುಂಬವೊಂದು ಪುಣೆಯಲ್ಲಿ ನೆಲೆಸಿತೆಂದರೆ, ಮುಂದೆ ಮೂರು ತಲೆಮಾರು ಅದು ಮಿರಜದ ಪ್ಲಾಟ್‌ಫಾರ್ಮಿನ ಋಣದಲ್ಲಿರುತ್ತದೆ. ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಸದರ್ನ್ ಮರಾಠಾ ರೈಲ್ವೆಯವರು 19ನೇ ಶತಮಾನದ ಕೊನೆಯಲ್ಲಿ ಲೋಂಡಾದಿಂದ ಪುಣೆಯವರೆಗೆ ಹಾಕಿದ್ದು ಒಂದು ಮೀಟರ್ ಅಗಲದ ಮೀಟರ್‌ಗೇಜ್ ಹಳಿ. ನಮ್ಮ ತಂದೆ ಸವಾಯಿ ಗಂಧರ್ವ ಉತ್ಸವಕ್ಕೆಂದು ಅಳ್ನಾವರದಲ್ಲಿ ಹತ್ತಿದರೆ ಇಳಿಯದೆ ಪುಣೆ ತಲುಪುತ್ತಿದ್ದರು. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದುಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಲ್ಲಿ ಆರಂಭಿಸಿದ ಉತ್ಸವಕ್ಕೆ, ಹುಬ್ಬಳ್ಳಿ–ಧಾರವಾಡದ ರಸಿಕರು ಹಾಸಿಗೆಯ ಸುರುಳಿಯೊಂದಿಗೆ ಆ ಗಾಡಿಯಲ್ಲೇ ಬರುತ್ತಿದ್ದರೆಂದು ಅವರು ಹೇಳುತ್ತಿದ್ದರು. 1970ರ ಸುಮಾರಿಗೆ ಪುಣೆ–ಮಿರಜ ಭಾಗ ಇನ್ನೂ ಅಗಲವಾದ ಬ್ರಾಡ್‌ಗೇಜ್ ಆಯಿತು, ಮಿರಜದಿಂದ ಕೆಳಗಿನದು ಮೀಟರ್‌ಗೇಜ್ ಆಗಿಯೇ ಉಳಿಯಿತು. ಆ ಕಡೆ ಕುರ್ಡುವಾಡಿಯಿಂದ ಬರುತ್ತಿದ್ದ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್ ಬೇರೆ. ಹೀಗೆ ಮೂರು ಅಳತೆಯ ಹಳಿಗಳು ಬಂದು ಕೂಡುತ್ತಿದ್ದ ಊರು ಅದು.

1981ರಲ್ಲಿ ನಾನು ನೌಕರಿಗೆಂದು ಬಂದಾಗ, ಮಿರಜದಲ್ಲಿ ಟ್ರಂಕು ಹೊತ್ತು ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟುವುದೇ ಪ್ರಯಾಣದ ದೊಡ್ಡ ಘಟನೆಯಾಗಿತ್ತು. ಆದರೆ ಒಂದು ಮಾತನ್ನು ಹೇಳಲೇಬೇಕು. ಹಳಿ ತುಂಡಾಗಿದ್ದ ಆ ಇಪ್ಪತ್ತೈದು ವರ್ಷಗಳಲ್ಲಿ ಸಂಪರ್ಕ ತುಂಡಾಗಿರಲಿಲ್ಲ. ಪುಣೆಯ ಗಾಡಿ ತಡವಾದರೆ ಮೀಟರ್‌ಗೇಜಿನ ಗಾಡಿ ಕಾಯುತ್ತಿತ್ತು, ಏಕೆಂದರೆ ಅದರಲ್ಲಿ ಹೋಗಬೇಕಾದವರು ಇದರಲ್ಲೇ ಬರಬೇಕಿತ್ತು. ಚಿತ್ರದುರ್ಗದ ಕಡೆಯ ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ, ಹಳಿಗಳನ್ನು ಒಂದೇ ಅಳತೆಗೆ ತರುವ ಏಕ ಗೇಜ್ ಯೋಜನೆ ಬಂತು. ಆ ದಶಕದಲ್ಲೇ ಮಿರಜ–ಲೋಂಡಾ ಹಳಿಯೂ ಬ್ರಾಡ್‌ಗೇಜ್ ಆಗಿ ನೇರ ಗಾಡಿಗಳು ಓಡತೊಡಗಿದವು. ನಾವು ಸಿಹಿ ಹಂಚಿದೆವು. ನೇರ ಗಾಡಿಯಲ್ಲಿ ಜಾಗ ಸಿಗದವನಿಗೆ, ಸಣ್ಣ ನಿಲ್ದಾಣದಲ್ಲಿ ಇಳಿಯುವವನಿಗೆ ಮಿರಜದಲ್ಲಿ ಗಾಡಿ ಬದಲಿಸುವ ಅಗತ್ಯ ಹಾಗೆಯೇ ಉಳಿದಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈಋತ್ಯ ರೈಲ್ವೆ ಬಂದ ಮೇಲೆ ಮಿರಜ ಎರಡು ವಲಯಗಳು ಭೇಟಿಯಾಗುವ ಗಡಿಯಾಯಿತು: ಪುಣೆಯ ಕಡೆಯ ಗಾಡಿ ಮಧ್ಯ ರೈಲ್ವೆಯದು, ಹುಬ್ಬಳ್ಳಿಯ ಕಡೆಯದು ನೈಋತ್ಯ ರೈಲ್ವೆಯದು. ಎರಡರ ನಡುವೆ ಗಾಡಿ ಬದಲಿಸುವ ಆ ಅರ್ಧ ಗಂಟೆ ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನಮ್ಮ ಮೂರು ವರ್ಷ ಕಳೆದವು.

ನಾವೆಂದರೆ ಎಂಟು ಜನ. ನಾನು, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು, ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿಗಳಿಬ್ಬರು, ಖಾನಾವಳಿ ನಡೆಸುವವರೊಬ್ಬರು, ಮತ್ತು ಆ ರಾಯಬಾಗದ ಹುಡುಗ. ನಮ್ಮ ಮೊದಲ ಅರ್ಜಿಯನ್ನು ಬರೆದವನು ನಾನೇ. ಈಗ ಅದನ್ನು ಓದಿದರೆ ನಾಚಿಕೆಯಾಗುತ್ತದೆ. ಪುಣೆ ಮತ್ತು ಉತ್ತರ ಕರ್ನಾಟಕದ ಶತಮಾನಗಳ ಬಾಂಧವ್ಯ, ಸಂಗೀತ, ವಿಠ್ಠಲ ಭಕ್ತಿ, ಎರಡು ಭಾಷೆಗಳ ಸೋದರತ್ವ ಎಲ್ಲವನ್ನೂ ತುಂಬಿ ನಾಲ್ಕು ಪುಟ ಬರೆದು, ಕೊನೆಯ ಸಾಲಿನಲ್ಲಿ 'ಆದ್ದರಿಂದ ಪುಣೆ–ಹುಬ್ಬಳ್ಳಿ ನಡುವೆ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಪ್ರತಿದಿನದ ಗಾಡಿಯೊಂದನ್ನು ಓಡಿಸಬೇಕು' ಎಂದು ಕೇಳಿದ್ದೆ. ನಾಲ್ಕು ಕಚೇರಿಗಳಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಒಂದರಿಂದ ಸ್ವೀಕೃತಿ ಬಂತು, ಮೂರರಿಂದ ಅದೂ ಬರಲಿಲ್ಲ.

ಎರಡನೆಯ ಹೆಜ್ಜೆ ಮಾಹಿತಿ ಹಕ್ಕು. 2005ರ ಕಾಯ್ದೆಯಂತೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, 'ಪ್ಯಾಸೆಂಜರ್ ಗಾಡಿಗಳನ್ನು ಯಾಕೆ ಮರಳಿ ಆರಂಭಿಸಿಲ್ಲ' ಎಂದು ಕೇಳಿದೆವು. ಮೂವತ್ತು ದಿನಗಳ ಗಡುವಿನ ಇಪ್ಪತ್ತೊಂಬತ್ತನೆಯ ದಿನ ಬಂದ ಉತ್ತರದಲ್ಲಿ ಒಂದೇ ವಾಕ್ಯವಿತ್ತು. ಕೇಳಿದ್ದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಮೊದಲು ಸಿಟ್ಟು ಬಂತು. ಆಮೇಲೆ ಕಾಯ್ದೆಯನ್ನು ಓದಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು: ಕಡತದಲ್ಲಿ ಇರುವ ದಾಖಲೆಯನ್ನು ಕೊಡುವುದಷ್ಟೇ ಅಧಿಕಾರಿಯ ಹೊಣೆ, 'ಯಾಕೆ' ಎಂಬುದಕ್ಕೆ ಕಾರಣ ಹುಡುಕಿ ಬರೆದುಕೊಡುವ ಹೊಣೆ ಅವರ ಮೇಲಿಲ್ಲ. ಬ್ಯಾಂಕಿನಲ್ಲಿ ನಾನೂ ಎಷ್ಟೋ ಸಲ ಅದೇ ಉತ್ತರವನ್ನು ಬರೆದಿದ್ದೆನಲ್ಲ. ಎರಡನೆಯ ಸಲ 'ಯಾಕೆ'ಯನ್ನು ಬಿಟ್ಟು, 2019ರಲ್ಲಿ ಪುಣೆಯಿಂದ ಮಿರಜದ ಆಚೆಯ ನಿಲ್ದಾಣಗಳಿಗೆ ಮಾರಾಟವಾದ ಕಾದಿರಿಸದ ಟಿಕೆಟ್‌ಗಳ ತಿಂಗಳವಾರು ವಿವರವನ್ನು ಕೇಳಿದೆವು. ಅದು ಬಂತು, ಮತ್ತು ನಮ್ಮ ಉತ್ಸಾಹಕ್ಕೆ ತಣ್ಣೀರು ಎರಚಿತು. ಆ ಪಟ್ಟಿಯನ್ನು ನಂಬಿದರೆ ಪುಣೆಯಿಂದ ರಾಯಬಾಗಕ್ಕೋ ಕುಡಚಿಗೋ ಹೋಗುವವರೇ ಇಲ್ಲವೆನ್ನಬೇಕು, ಅಷ್ಟು ಕಡಿಮೆ ಟಿಕೆಟ್‌ಗಳು.

ಈ ಹಂತದಲ್ಲಿ ನಮಗೆ ಸಿಕ್ಕವರು ಘಟಪ್ರಭೆಯ ಕಡೆಯ ನಿವೃತ್ತ ಗಾರ್ಡ್ ಒಬ್ಬರು. 2022ರ ಜನವರಿಯಿಂದ ಗಾರ್ಡ್ ಹುದ್ದೆಯ ಹೆಸರು 'ಟ್ರೈನ್ ಮ್ಯಾನೇಜರ್' ಎಂದಾಗಿದೆ ಎಂದು ನಾನು ಹೇಳಿದಾಗ, "ಹೆಸರು ಬದಲಾದ್ರ ಹಸಿರು ಬಾವುಟ ಬದಲಾತೇನ್ರೀ" ಎಂದು ನಕ್ಕ ಆ ಹಿರಿಯರು, ನಮ್ಮ ನಾಲ್ಕು ಪುಟದ ಅರ್ಜಿಯನ್ನು ತಾಳ್ಮೆಯಿಂದ ಓದಿ ಮುಗಿಸಿ, "ಇದರಾಗ ಗಾಡಿ ಎಲ್ಲೈತಿ?" ಎಂದು ಕೇಳಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ತಿರುವಿ ಹಾಕಿ, ಅಡ್ಡಕ್ಕೆ ಇಪ್ಪತ್ತನಾಲ್ಕು ಗಂಟೆಗಳನ್ನೂ ಉದ್ದಕ್ಕೆ ಮಿರಜದಿಂದ ಲೋಂಡಾದವರೆಗಿನ ನಿಲ್ದಾಣಗಳನ್ನೂ ಗುರುತು ಮಾಡಿ, ಒಂದೊಂದು ಗಾಡಿಗೆ ಒಂದೊಂದು ಓರೆಗೆರೆ ಎಳೆಯುತ್ತಾ ಹೋದರು. ಕೆಳಗೆ ಇಳಿಯುವ ಗೆರೆ ಹುಬ್ಬಳ್ಳಿಯ ಕಡೆಗೆ, ಮೇಲೆ ಏರುವ ಗೆರೆ ಪುಣೆಯ ಕಡೆಗೆ. ಒಂಟಿ ಹಳಿಯಿರುವ ಕಡೆ ಎರಡು ಗೆರೆಗಳು ನಿಲ್ದಾಣವಿರುವ ಅಡ್ಡಗೆರೆಯ ಮೇಲೆ ಮಾತ್ರ ಒಂದನ್ನೊಂದು ಕತ್ತರಿಸಬಹುದು. ನಡುವೆ ಎಲ್ಲಿ ಕತ್ತರಿಸಿದರೂ ಅದು ಅಪಘಾತ. ಹೀಗಾಗಿ ಹೊಸ ಗೆರೆಯೊಂದನ್ನು ಎಳೆಯಬೇಕಾದರೆ ಅದಾಗಲೇ ಇರುವ ಪ್ರತಿಯೊಂದು ಗೆರೆಯನ್ನೂ ಕೇಳಬೇಕು. ಇದಕ್ಕೆ ಅವರು 'ಪಾತ್' ಎಂದರು. ಹಳಿ ಇದ್ದ ಮಾತ್ರಕ್ಕೆ ಪಾತ್ ಇರುವುದಿಲ್ಲ ಎಂಬ ವಿಷಯ, ನಲವತ್ತು ವರ್ಷ ರೈಲಿನಲ್ಲಿ ಓಡಾಡಿದ ನನಗೆ ಅಂದು ಮೊದಲ ಸಲ ತಿಳಿಯಿತು.

ಸರಕು ಗಾಡಿಗಳಿಗೆ ವೇಳಾಪಟ್ಟಿಯಲ್ಲಿ ಗೆರೆಯಿರುವುದಿಲ್ಲ, ಆದರೆ ಅವೂ ಅದೇ ಹಳಿಯ ಮೇಲೆ ಓಡಬೇಕು. ಹಳಿ, ತಂತಿ, ಸಿಗ್ನಲ್‌ಗಳ ದುರಸ್ತಿಗೆಂದು ದಿನದಲ್ಲಿ ಕೆಲವು ಗಂಟೆ ಯಾವ ಗಾಡಿಯನ್ನೂ ಬಿಡದ 'ಬ್ಲಾಕ್' ಬೇಕು. ಇದರ ಮೇಲೆ, ಕೊಂಕಣದಲ್ಲಿ ಗುಡ್ಡ ಕುಸಿದರೆ ಅಲ್ಲಿಯ ಗಾಡಿಗಳು ಮಡಗಾಂವ್–ಲೋಂಡಾ–ಮಿರಜದ ಸುತ್ತು ಹಾಕಿ ಇದೇ ದಾರಿಗೆ ಬರುತ್ತವೆ. 2021ರ ಜುಲೈನಲ್ಲಿ ಚಿಪಳೂಣದ ಬಳಿ ವಾಸಿಷ್ಠಿ ನದಿ ಉಕ್ಕಿದಾಗ ಹೀಗೆ ತಿರುಗಿಸಿ ಬಿಟ್ಟ ಮಂಗಳೂರು–ಮುಂಬೈ ಗಾಡಿಯೊಂದು ದೂಧ್‌ಸಾಗರದ ಘಟ್ಟದಲ್ಲಿ, ಬಿದ್ದ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿದ್ದನ್ನು ಅವರು ನೆನಪಿಸಿದರು. ಪ್ರತಿ 37 ಅಡಿಗೆ ಒಂದು ಅಡಿ ಏರುವ ಆ ಘಟ್ಟವನ್ನು ಗಾಡಿ ಹತ್ತಬೇಕಾದರೆ ಹಿಂದಿನಿಂದ ನೂಕುವ ಎಂಜಿನ್‌ಗಳು ಬೇಕು. ಆ ಎಂಜಿನ್‌ಗಳ ಪಾಳಿಯೂ ಗೆರೆಗಳ ಲೆಕ್ಕಕ್ಕೆ ಸೇರುತ್ತದೆ.

ಪಾತ್ ಸಿಕ್ಕಿತೆಂದುಕೊಳ್ಳೋಣ, ರೇಕ್ ಎಲ್ಲಿದೆ? ಪುಣೆಯಿಂದ ಹೊರಟ ಡಬ್ಬಿಗಳ ಸಾಲು ಹುಬ್ಬಳ್ಳಿ ತಲುಪಿ ಅಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ? ಹಾಗೆ ನಿಂತ ಹೊತ್ತಿಗೆ 'ಲೈ ಓವರ್' ಎನ್ನುತ್ತಾರೆ. ಅದು ದೀರ್ಘವಾಗಿದ್ದರೆ ಆ ರೇಕನ್ನು ಇನ್ನೊಂದು ಊರಿಗೆ ಓಡಿಸಿ ತರಬಹುದೇ ಎಂದು ನೋಡಬೇಕು. ಎರಡು ತುದಿಗಳಲ್ಲಿ ಯಾವುದಾದರೂ ಒಂದು ಕಡೆ ಅದನ್ನು ಪಿಟ್ ಲೈನಿನ ಮೇಲೆ ನಿಲ್ಲಿಸಿ ಕೆಳಗಿನಿಂದ ತಪಾಸಣೆ ಮಾಡಬೇಕು, ನೀರು ತುಂಬಬೇಕು, ತೊಳೆಯಬೇಕು. ಪುಣೆಯಂಥ ಆರು ಪ್ಲಾಟ್‌ಫಾರ್ಮಿನ ನಿಲ್ದಾಣದಲ್ಲಿ ಇನ್ನೊಂದು ಗಾಡಿಯನ್ನು ಅರ್ಧ ಗಂಟೆ ನಿಲ್ಲಿಸುವುದೆಂದರೆ, ಮದುವೆ ಮನೆಯ ಪಂಕ್ತಿಯಲ್ಲಿ ಎರಡು ಎಲೆಗಳ ನಡುವೆ ಮೂರನೆಯದನ್ನು ಹಾಕಿದಂತೆ. "ನೀವು ಗಾಡಿ ಕೇಳಬ್ಯಾಡ್ರಿ. ಇರೋ ಎರಡು ಗಾಡಿ ನಡುವಿನ ಸಮಯ ಕೇಳ್ರಿ" ಎಂದರು ಅವರು. ಮಿರಜದಿಂದ ಹುಬ್ಬಳ್ಳಿಗೂ ಕ್ಯಾಸಲ್‌ರಾಕ್‌ಗೂ ಮೊದಲು ಪ್ಯಾಸೆಂಜರ್ ಗಾಡಿಗಳು ಇದ್ದವು, ಅವುಗಳ ಗೆರೆಗಳು ಹಳೆಯ ಚಾರ್ಟಿನಲ್ಲಿ ಇದ್ದವು. ಪುಣೆಯಿಂದ ಮಿರಜಕ್ಕೆ ಕೊಲ್ಹಾಪುರದ ಕಡೆಯ ಗಾಡಿಗಳಿವೆ. ಇವೆರಡನ್ನು ಜೋಡಿಸಿ ಎಂದು ಕೇಳಿದರೆ ಹೊಸ ರೇಕೂ ಬೇಡ, ಪುಣೆಯಲ್ಲಿ ಪ್ಲಾಟ್‌ಫಾರ್ಮೂ ಬೇಡ.

ನಮ್ಮಲ್ಲಿ ಇಬ್ಬರಿಗೆ ಇದು ಹಿಡಿಸಲಿಲ್ಲ. ನೇರ ಗಾಡಿಯನ್ನು ಬಿಟ್ಟು ಬದಲಿಸುವ ಗಾಡಿಯನ್ನು ಕೇಳುವುದು ಸೋಲೊಪ್ಪಿಕೊಂಡಂತೆ ಎಂಬುದು ಅವರ ವಾದ. ನೇರ ಗಾಡಿ ನಮ್ಮ ಸ್ವಾಭಿಮಾನದ ಪ್ರಶ್ನೆ ಎಂದು ಒಬ್ಬರು ಮೇಜು ಕುಟ್ಟಿದರು. ಮೂರು ಭಾನುವಾರ ಖಾನಾವಳಿಯ ಮಹಡಿಯಲ್ಲಿ ಇದೇ ಚರ್ಚೆ ನಡೆಯಿತು. ಆಗ 2020ರಿಂದ ಜಾರಿಗೆ ಬರುತ್ತಿದ್ದ 'ಶೂನ್ಯಾಧಾರಿತ ವೇಳಾಪಟ್ಟಿ'ಯ ವಿಷಯವೂ ಬಂತು. ಮುಂಬೈಯ ಐಐಟಿಯ ನೆರವಿನಿಂದ, ಇದ್ದ ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಎಳೆಯುವ ಆ ಕೆಲಸದಲ್ಲಿ ಕಡಿಮೆ ಜನ ಹತ್ತುವ ನಿಲುಗಡೆಗಳನ್ನು ತೆಗೆಯುವುದೂ, ಎಷ್ಟೋ ಪ್ಯಾಸೆಂಜರ್‌ಗಳನ್ನು ಎಕ್ಸ್‌ಪ್ರೆಸ್ ಎಂದು ಬದಲಿಸುವುದೂ ಸೇರಿದ್ದವು. ಗಣಿತದ ದೃಷ್ಟಿಯಿಂದ ಅದು ಸರಿಯಾಗಿಯೇ ಇರಬಹುದು. ಆದರೆ ಗಣಿತಕ್ಕೆ ಸಿಗುವುದು ಕಡತದಲ್ಲಿರುವ ಅಂಕಿ ಮಾತ್ರ. ನಮಗೆ ಬಂದಿದ್ದ ಪಟ್ಟಿಯಲ್ಲಿ ರಾಯಬಾಗದ ಜನ ಯಾಕೆ ಕಾಣಿಸಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅದಕ್ಕೆ ಉತ್ತರ ಕೊಟ್ಟವನು ಆ ಹುಡುಗನೇ. 2019ರಲ್ಲಿ ನೀನು ಊರಿಗೆ ಹೇಗೆ ಹೋಗುತ್ತಿದ್ದೆ ಎಂದು ಕೇಳಿದಾಗ, ಪುಣೆಯಲ್ಲಿ ಮಿರಜದವರೆಗಷ್ಟೇ ಟಿಕೆಟ್ ತೆಗೆಯುತ್ತಿದ್ದೆನೆಂದ. ಮುಂದಿನ ಗಾಡಿ ಸಿಕ್ಕರೆ ಅಲ್ಲಿ ಮತ್ತೆ ಟಿಕೆಟ್, ಸಿಗದಿದ್ದರೆ ಬಸ್ಸು. ಸಿಗುತ್ತದೆಂಬ ಭರವಸೆ ಇಲ್ಲದಿರುವಾಗ ರಾಯಬಾಗದವರೆಗೆ ದುಡ್ಡು ಕೊಟ್ಟು ಯಾಕೆ ಕಳೆದುಕೊಳ್ಳಬೇಕು? ನಾವು ಸರದಿಯ ಮೇಲೆ ಶನಿವಾರ ರಾತ್ರಿಗಳಲ್ಲಿ ಪುಣೆಯ ಪ್ಲಾಟ್‌ಫಾರ್ಮಿನಲ್ಲಿಯೂ, ಎರಡು ಸಲ ಮಿರಜಕ್ಕೇ ಹೋಗಿ ಅಲ್ಲಿಯೂ ಜನರನ್ನು ಮಾತನಾಡಿಸಿದೆವು. ಕಟ್ಟಡದ ಕೆಲಸಕ್ಕೆ ಬಂದವರು, ಹೆರಿಗೆಗೆ ತವರಿಗೆ ಹೊರಟ ಮಗಳನ್ನು ಕರೆದೊಯ್ಯುವ ತಾಯಿ, ಉಗಾರದ ಸಕ್ಕರೆ ಕಾರ್ಖಾನೆಯ ಕಡೆಯವರು, ಎಲ್ಲರದೂ ಹೆಚ್ಚು ಕಡಿಮೆ ಅದೇ ಮಾತು. ಸಂಪರ್ಕ ಖಚಿತವಿಲ್ಲದ್ದರಿಂದ ಜನ ಮಿರಜದವರೆಗೆ ಟಿಕೆಟ್ ತೆಗೆಯುತ್ತಾರೆ. ಮಿರಜದವರೆಗೆ ಟಿಕೆಟ್ ತೆಗೆದದ್ದರಿಂದ ಮುಂದೆ ಹೋಗುವವರು ಲೆಕ್ಕದಲ್ಲಿ ಬರುವುದಿಲ್ಲ. ಲೆಕ್ಕದಲ್ಲಿ ಬರದ್ದರಿಂದ ಸಂಪರ್ಕವನ್ನು ಖಚಿತಗೊಳಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಈ ಮೂರು ಸಾಲುಗಳನ್ನು ಬರೆದ ದಿನ ನನಗೆ ಅರ್ಜಿ ಸಿಕ್ಕಿತು ಎನಿಸಿತು.

ಹೊಸ ಅರ್ಜಿ ಒಂದೇ ಪುಟದ್ದು. ಅದರಲ್ಲಿ ಬಾಂಧವ್ಯವಿಲ್ಲ, ಸಂಗೀತವಿಲ್ಲ. ಮಿರಜ–ಹುಬ್ಬಳ್ಳಿ ಪ್ಯಾಸೆಂಜರಿನ ಹಳೆಯ ಗೆರೆಯನ್ನು ಉಳಿಸಿಕೊಳ್ಳಿ, ಕಾದಿರಿಸದ ಡಬ್ಬಿಗಳೊಂದಿಗೆ ಅದನ್ನು ಮರಳಿ ಓಡಿಸಿ, ಪುಣೆಯಿಂದ ಬರುವ ಗಾಡಿಯ ನಂತರ ಇಷ್ಟು ನಿಮಿಷಕ್ಕೆ ಅದು ಹೊರಡಲಿ, ಇದಕ್ಕೆ ಹೆಚ್ಚುವರಿ ರೇಕ್ ಬೇಕಿಲ್ಲ ಎಂಬಷ್ಟೇ ವಿಷಯ. ಅದನ್ನು ಎರಡೂ ವಲಯಗಳಿಗೆ ಕೊಡಬೇಕಿತ್ತು, ಮತ್ತು ಒಂದಕ್ಕೆ ಕೊಟ್ಟಿದ್ದೇವೆಂದು ಇನ್ನೊಂದರಲ್ಲಿ ಬರೆಯಬೇಕಿತ್ತು. ಇಲ್ಲದಿದ್ದರೆ ಇವರು ಅವರ ಕಡೆ ತೋರಿಸುತ್ತಾರೆ, ಅವರು ಇವರ ಕಡೆ. ವಿಭಾಗ ಮಟ್ಟದಲ್ಲಿಯೂ ವಲಯ ಮಟ್ಟದಲ್ಲಿಯೂ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆ. ಹೊರಗಿನವರ ಪತ್ರಕ್ಕೆ ಸ್ವೀಕೃತಿಯಷ್ಟೇ ಬರುತ್ತದೆ, ಆದರೆ ಸಮಿತಿಯ ಸದಸ್ಯರೊಬ್ಬರು ಕಾರ್ಯಸೂಚಿಗೆ ಸೇರಿಸಿದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಅಂಥ ಸದಸ್ಯರೊಬ್ಬರನ್ನು ಹುಡುಕಿ ಒಪ್ಪಿಸಲು ನಮಗೆ ಐದು ತಿಂಗಳು ಹಿಡಿಯಿತು. ಉತ್ತರ 'ಕಾರ್ಯಾಚರಣೆಯ ದೃಷ್ಟಿಯಿಂದ ಪರಿಶೀಲಿಸಲಾಗುವುದು' ಎಂದು ಬಂತು. ನಿವೃತ್ತ ಗಾರ್ಡ್ ಅವರಿಗೆ ಓದಿ ಹೇಳಿದಾಗ, 'ಕಾರ್ಯಸಾಧ್ಯವಿಲ್ಲ' ಎಂದಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದರು. ಅವರ ಭಾಷೆ ಅವರಿಗೇ ಗೊತ್ತು.

ಗಾಡಿಗಳು ಬಂದವು. ನಮ್ಮ ಅರ್ಜಿಯಿಂದ ಬಂದವೆಂದು ಹೇಳುವ ಧೈರ್ಯ ನನಗಿಲ್ಲ. ದೇಶದಾದ್ಯಂತ ನಿಂತಿದ್ದವು ಒಂದೊಂದಾಗಿ ಬರುತ್ತಿದ್ದಂತೆ ಇವೂ ಬಂದಿರಬೇಕು. 2021ರ ನವೆಂಬರ್‌ನಲ್ಲಿ ರೈಲ್ವೆ ಮಂಡಳಿ 'ಸ್ಪೆಷಲ್' ಪಟ್ಟಿಯನ್ನೂ ಸೊನ್ನೆಯ ಸಂಖ್ಯೆಯನ್ನೂ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಿಂದ ತೆಗೆಯಲು ಆದೇಶಿಸಿತ್ತು. ಆದರೆ ಪ್ಯಾಸೆಂಜರ್ ಆಗಿ ಹೋಗಿದ್ದ ಗಾಡಿ ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಮರಳಿತು. ವೇಗ ಅದೇ, ನಿಲುಗಡೆಗಳು ಹೆಚ್ಚು ಕಡಿಮೆ ಅವೇ, ಕನಿಷ್ಠ ದರ ಮಾತ್ರ 10 ರೂಪಾಯಿ ಇದ್ದದ್ದು 30 ಆಯಿತು. 2024ರ ಫೆಬ್ರವರಿಯ ಕೊನೆಯಲ್ಲಿ ಪ್ಯಾಸೆಂಜರ್ ವರ್ಗದ ಗಾಡಿಗಳಿಗೆ 10 ರೂಪಾಯಿಯ ದರ ಮರಳಿತಾದರೂ, ಎಕ್ಸ್‌ಪ್ರೆಸ್ ಹೆಸರನ್ನೇ ಉಳಿಸಿಕೊಂಡವುಗಳಿಗೆ ಅದರ ಲಾಭ ಸಿಗಲಿಲ್ಲ. ಹಿರಿಯ ನಾಗರಿಕರಿಗೆ ಇದ್ದ 40 ಮತ್ತು 50 ಶೇಕಡಾ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಹೋದದ್ದು ಹೋಯಿತು. ಅದರ ದುಃಖ ನನ್ನ ವೈಯಕ್ತಿಕ ಖಾತೆಯದು, ಇಲ್ಲಿ ಬೇಡ. ಮುಂಬೈ–ಕೊಲ್ಹಾಪುರದ ಸಹ್ಯಾದ್ರಿ ಎಕ್ಸ್‌ಪ್ರೆಸ್ 2023ರ ನವೆಂಬರ್‌ನಲ್ಲಿ ಮರಳಿದಾಗಲೂ ಪುಣೆ–ಕೊಲ್ಹಾಪುರದ ನಡುವೆ ಮಾತ್ರ ಓಡಿತು. ಮುಂಬೈಯ ನಮ್ಮ ಸ್ನೇಹಿತರು ಅರ್ಧ ಗಾಡಿ ಬಂತೆಂದು ಬೇಸರಪಟ್ಟರು, ಪುಣೆಯಲ್ಲಿದ್ದ ನಾವು ಸಂಕೋಚದಿಂದಲೇ ಸಂತೋಷಪಟ್ಟೆವು.

2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಆರಂಭವಾಯಿತು. ವಾರಕ್ಕೆ ಮೂರು ದಿನ, ಸುಮಾರು ಎಂಟೂವರೆ ಗಂಟೆ, ಸಾತಾರಾ, ಸಾಂಗಲಿ, ಮಿರಜ, ಬೆಳಗಾವಿ, ಧಾರವಾಡ. ಮೇಜು ಕುಟ್ಟಿದ್ದ ಸ್ನೇಹಿತರು ಫೋನ್ ಮಾಡಿ, ನೇರ ಗಾಡಿ ಬಂತು ನೋಡಿ ಎಂದರು. ನಾನೂ ಅದರಲ್ಲಿ ಧಾರವಾಡದವರೆಗೆ ಹೋದೆ; ಆರಾಮವಾಗಿತ್ತು, ಸುಳ್ಳು ಹೇಳಲಾರೆ. ಕುಡಚಿ ಮತ್ತು ರಾಯಬಾಗ ಕಿಟಕಿಯ ಗಾಜಿನ ಆಚೆ ಎಷ್ಟು ಬೇಗ ದಾಟಿಹೋದವೆಂದರೆ ಫಲಕವನ್ನು ಓದಲು ಆಗಲಿಲ್ಲ.

ಮಿರಜದ ಸಂಪರ್ಕ ಮಾತ್ರ ವೇಳಾಪಟ್ಟಿಯ ಕಾಗದದ ಮೇಲೆ ಇದ್ದು, ಪ್ಲಾಟ್‌ಫಾರ್ಮಿನಲ್ಲಿ ಇಲ್ಲದಂತಾಗಿತ್ತು. ಪುಣೆ–ಮಿರಜದ ನಡುವೆ ಜೋಡಿ ಹಳಿಯ ಕೆಲಸ ನಡೆಯುತ್ತಿದ್ದ ಕಾರಣ ಗಾಡಿ ಒಂದೊಂದು ದಿನ ಒಂದೊಂದು ಕಡೆ ನಿಲ್ಲುತ್ತಿತ್ತು. ಒಮ್ಮೆ ನಾನೂ ಶಿಕ್ಷಕಿಯವರೂ ಮಿರಜದಲ್ಲಿ ಇಳಿದು ಮೇಲ್ಸೇತುವೆಯ ಮೆಟ್ಟಿಲು ಹತ್ತುವಷ್ಟರಲ್ಲಿ, ಹುಬ್ಬಳ್ಳಿಯ ಗಾಡಿಯ ಕೊನೆಯ ಡಬ್ಬಿಯ ಕೆಂಪು ದೀಪ ದೂರವಾಗುತ್ತಿರುವುದು ಕಾಣಿಸಿತು. ನಮ್ಮೊಂದಿಗೆ ಓಡಿ ಬಂದಿದ್ದ ಏಳು ಜನ ಮಾತಿಲ್ಲದೆ ಬಸ್ ನಿಲ್ದಾಣದ ಕಡೆ ನಡೆದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಆ ರೂಢಿಯೇ ನನಗೆ ಹೆಚ್ಚು ಚುಚ್ಚಿತು.

ಅಂದು ರಾತ್ರಿ ನಿವೃತ್ತ ಗಾರ್ಡ್ ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕಂಟ್ರೋಲಿಗೆ ಹೇಳಿದ್ರೇನು?" ಗಾಡಿಯನ್ನು ಐದು ಹತ್ತು ನಿಮಿಷ ನಿಲ್ಲಿಸಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವವನು ನಿಲ್ದಾಣದ ಮಾಸ್ತರನಲ್ಲ, ವಿಭಾಗದ ಕಂಟ್ರೋಲ್ ಕೊಠಡಿಯಲ್ಲಿ ಆ ಓರೆಗೆರೆಗಳ ಮುಂದೆ ಕುಳಿತಿರುವ ಕಂಟ್ರೋಲರ್. ಹಿಂದಿನ ಗಾಡಿಯಲ್ಲಿ ಬದಲಿಸುವ ಪ್ರಯಾಣಿಕರು ಇಷ್ಟಿದ್ದಾರೆಂದು ಅವನಿಗೆ ತಿಳಿದರೆ, ಎದುರಿನ ಗಾಡಿಗೆ ತೊಂದರೆಯಾಗದಿದ್ದರೆ, ಅವನು ನಿಲ್ಲಿಸಬಲ್ಲ. ತಿಳಿಸುವವರು ಯಾರು? ಮೀಟರ್‌ಗೇಜಿನ ಕಾಲದಲ್ಲಿ ಗಾಡಿಯ ಸಿಬ್ಬಂದಿಯೇ ತಿಳಿಸುತ್ತಿದ್ದರು. ಈಗ ಯಾರೂ ಕೇಳದ ಕಾರಣ ಯಾರೂ ತಿಳಿಸುವುದಿಲ್ಲ. ಅದರ ಮುಂದಿನ ತಿಂಗಳಿನಿಂದ ನಾವು ಹೊಸ ಕೆಲಸವೊಂದನ್ನು ಹಚ್ಚಿಕೊಂಡೆವು. ನಮ್ಮಲ್ಲಿ ಯಾರು ಪ್ರಯಾಣ ಮಾಡಿದರೂ ಡಬ್ಬಿಗಳಲ್ಲಿ ಓಡಾಡಿ, ಮಿರಜದಿಂದ ಮುಂದೆ ಹೋಗುವವರನ್ನು ಎಣಿಸಿ, ಸಾಂಗಲಿಗೆ ಮೊದಲು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಸಿಬ್ಬಂದಿಗೆ ಕೊಡುವುದು. ಜೊತೆಗೆ, ದಯವಿಟ್ಟು ಮಿರಜದವರೆಗೆ ಬೇಡ, ಇಳಿಯುವ ಊರಿನವರೆಗೆ ಟಿಕೆಟ್ ತೆಗೆಯಿರಿ ಎಂದು ಪ್ರತಿಯೊಬ್ಬರಿಗೂ ಹೇಳುವುದು. ಅಷ್ಟು ದುಡ್ಡು ಕೊಟ್ಟು ಗಾಡಿ ಸಿಗದಿದ್ದರೆ ನೀವು ಕೊಡುತ್ತೀರಾ ಎಂದು ಹಲವರು ಕೇಳಿದರು. ಎರಡು ಸಲ ಕೊಟ್ಟದ್ದೂ ಉಂಟು.

ಈ ಸಲದ ಯುಗಾದಿಗೆ ಹುಡುಗನ ಜೊತೆಯಲ್ಲೇ ಹೊರಟೆ. ಸಾಂಗಲಿ ಬರುವಾಗ ಗಾಡಿ ಇಪ್ಪತ್ತೆರಡು ನಿಮಿಷ ತಡವಾಗಿತ್ತು. ಚೀಟಿಯಲ್ಲಿ ಮೂವತ್ತೊಂದು ಎಂದು ಬರೆದು ಕೊಟ್ಟಿದ್ದೆವು. ತೆಗೆದುಕೊಂಡವರು ಅದನ್ನು ಓದಿ ಜೇಬಿಗೆ ಹಾಕಿಕೊಂಡರೇ ಹೊರತು ಏನೂ ಹೇಳಲಿಲ್ಲ. ಮಿರಜದಲ್ಲಿ ಇಳಿದಾಗ ಮೇಲ್ಸೇತುವೆಯ ಆಚೆ ಹುಬ್ಬಳ್ಳಿಯ ಗಾಡಿ ಇನ್ನೂ ನಿಂತಿತ್ತು, ಸಿಗ್ನಲ್ ಕೆಂಪಾಗಿತ್ತು. ಚೀಲ, ಕೊಡ, ಮಕ್ಕಳೊಂದಿಗೆ ಜನ ಮೆಟ್ಟಿಲಿಳಿದು ಓಡುತ್ತಿದ್ದರು. ಮುದುಕಿಯೊಬ್ಬಳು ನನ್ನ ತೋಳು ಹಿಡಿದು, "ಇದು ಘಟಪ್ರಭಾಕ್ಕ ಹೊಕ್ಕೈತೇನಪಾ?" ಎಂದು ಎರಡು ಸಲ ಕೇಳಿದಳು. ನಾವು ಹತ್ತಿ ಕುಳಿತ ಮೇಲೂ ಗಾಡಿ ಮೂರು ನಿಮಿಷ ನಿಂತಿತು. ಕೃಷ್ಣೆಯ ಸೇತುವೆ ದಾಟುವಾಗ ತಪಾಸಣೆಯವರು ಬಂದರು. ಹುಡುಗ ಅಂಗಿಯ ಜೇಬಿನಿಂದ ಟಿಕೆಟ್ ತೆಗೆದು ಕೊಟ್ಟ. ಅದನ್ನು ತಿರುವಿ ನೋಡಿದ ಅವರು, "ಪುಣೆಯಿಂದ ರಾಯಬಾಗಕ್ಕೆ ಒಂದೇ ಟಿಕೆಟ್ಟಾ?" ಎಂದು ಕೇಳಿ, ಗೆರೆ ಎಳೆದು ಮರಳಿ ಕೊಟ್ಟರು.